ಸೋಲಿನ ಲೆಕ್ಕ ಬಲ್ಲ ಅಭಿಮಾನ

ಗಣಿತದ ಮೇಲಿನ ಪ್ರೀತಿ, ಫುಟ್‌ಬಾಲ್ ತಂಡದ ಮೇಲಿನ ಅಭಿಮಾನ ಎರಡೂ ಒಬ್ಬರಲ್ಲೇ ಇರುವುದು ಹಲವರಿಗೆ ವಿಚಿತ್ರವಾಗಿ ಕಾಣುತ್ತದೆ. ಹಾಸನದ ಕಡೆ ಕ್ರಿಕೆಟ್, ಕಬಡ್ಡಿಯ ಮಾತೇ ಹೆಚ್ಚು. ಹೊಳೆನರಸೀಪುರ, ಅರಕಲಗೂಡುಗಳಲ್ಲಿ ಬೆಂಗಳೂರು ಎಫ್‌ಸಿಯ ಅಂಕಪಟ್ಟಿ ನೋಡುತ್ತಾ ಕೂರುವವರು ವಿರಳ. ಆದರೂ ಈ ಎರಡನ್ನೂ ಕೈಬಿಡದೆ ಬಂದ ನನಗೆ ದಕ್ಕಿದ ಪಾಠವೊಂದಿದೆ. ತಂಡವೊಂದನ್ನು ನಿಯತ್ತಿನಿಂದ ಪ್ರೀತಿಸಲು ಸಂಭವನೀಯತೆಯ ಅರಿವು ಬೇಕೇ ಬೇಕು. ಅದಿಲ್ಲದ ಅಭಿಮಾನ ಗೆದ್ದಾಗ ಉಬ್ಬಿ, ಸೋತಾಗ ಬೈಗುಳವಾಗುತ್ತದೆ.

ಮೊದಲು ಆಟದ ಸ್ವಭಾವ ನೋಡೋಣ. ಫುಟ್‌ಬಾಲ್‌ನಲ್ಲಿ ಗೋಲು ಅಪರೂಪ. ಅಪರೂಪದ ಘಟನೆಗಳನ್ನು ಅಳೆಯಲು ಫ್ರಾನ್ಸಿನ ಗಣಿತಜ್ಞ ಪಾಯ್ಸಾನ್ 1837ರಲ್ಲಿ ಪ್ರಕಟಿಸಿದ ಸೂತ್ರ ಇಲ್ಲಿಗೆ ಚೆನ್ನಾಗಿ ಒಗ್ಗುತ್ತದೆ. ಒಂದು ತಂಡ ಪಂದ್ಯಕ್ಕೆ ಸರಾಸರಿ ಒಂದೂವರೆ ಗೋಲು, ಎದುರಾಳಿ ಒಂದು ಗೋಲು ಹೊಡೆಯುವಷ್ಟು ಬಲವುಳ್ಳವು ಎಂದಿಟ್ಟುಕೊಳ್ಳಿ. ಮೊದಲನೆಯದು ಸ್ಪಷ್ಟವಾಗಿ ಮೇಲಿನ ತಂಡ. ಆದರೆ ಲೆಕ್ಕ ಹಾಕಿದರೆ ಅದು ಗೆಲ್ಲುವುದು ನೂರರಲ್ಲಿ ಸುಮಾರು 49 ಸಲ ಮಾತ್ರ. 26 ಸಲ ಸಮ, ಉಳಿದ 25 ಸಲ ಸೋಲು. ನೂರರಲ್ಲಿ 22 ಸಲ ಅದಕ್ಕೆ ಒಂದು ಗೋಲೂ ದಕ್ಕುವುದಿಲ್ಲ. ಉತ್ತಮ ತಂಡ ನಾಲ್ಕರಲ್ಲೊಂದು ಪಂದ್ಯ ಸೋತರೆ ಆಶ್ಚರ್ಯಪಡಬೇಕಾದ್ದೇನೂ ಇಲ್ಲ, ಕೋಚ್ ತಲೆ ಕೇಳಬೇಕಾದ್ದೂ ಇಲ್ಲ. ಒಂದು ಮುಂಗಾರು ಕೈಕೊಟ್ಟಿತೆಂದು ಹಾಸನದ ಆಲೂಗಡ್ಡೆ ಬೆಳೆಗಾರನಿಗೆ ಬೇಸಾಯವೇ ಬರುವುದಿಲ್ಲ ಎಂದು ಯಾರೂ ಹೇಳುವುದಿಲ್ಲವಲ್ಲ.

ಬೆಂಗಳೂರು ಎಫ್‌ಸಿಯ ಚರಿತ್ರೆಯೇ ಇದಕ್ಕೆ ಸಾಕ್ಷಿ. 2017-18ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ 18 ಪಂದ್ಯಗಳಿಂದ 40 ಅಂಕ ಗಳಿಸಿ ಅದು ಅಗ್ರಸ್ಥಾನದಲ್ಲಿತ್ತು. ಎರಡನೆಯ ಸ್ಥಾನದ ಚೆನ್ನೈಯಿನ್‌ಗೆ 32. ಆದರೆ 2018ರ ಮಾರ್ಚ್ 17ರಂದು ಕಂಠೀರವ ಕ್ರೀಡಾಂಗಣದ ಫೈನಲ್‌ನಲ್ಲಿ ಅದೇ ಚೆನ್ನೈಯಿನ್ 3-2ರಿಂದ ಗೆದ್ದು ಕಪ್ ಒಯ್ದಿತು. ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಗೋವಾ ವಿರುದ್ಧ ಹೆಚ್ಚುವರಿ ಸಮಯದ ಕೊನೆಯಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಒಂದೇ ಗೋಲು ಬೆಂಗಳೂರಿಗೆ ಕಪ್ ತಂದಿತು. ಆ ಸಾಲಿನ ಲೀಗ್‌ನಲ್ಲಿ ಎರಡೂ ತಂಡಗಳಿಗೆ ತಲಾ 34 ಅಂಕ. ಅಂಕಗಳ ಪ್ರಕಾರ ಹೆಚ್ಚು ಬಲ ತೋರಿದ ವರ್ಷ ಕಪ್ ಸಿಗಲಿಲ್ಲ, ಸಮಬಲದ ವರ್ಷ ಸಿಕ್ಕಿತು. 2015ರ ಐ-ಲೀಗ್‌ನ ಕೊನೆಯ ದಿನವಂತೂ ಮೋಹನ್ ಬಾಗಾನ್ ಕಂಠೀರವದಲ್ಲಿ ಕೊನೇ ಗಳಿಗೆಯಲ್ಲಿ ಸಮಬಲ ಸಾಧಿಸಿ, 39-37 ಅಂಕಗಳ ಅಂತರದಲ್ಲಿ ಪ್ರಶಸ್ತಿ ಕಿತ್ತುಕೊಂಡಿತು. ಆ ಒಂದು ಗೋಲು ಆಗದಿದ್ದರೆ ಬೆಂಗಳೂರಿಗೆ 39, ಬಾಗಾನ್‌ಗೆ 38 ಆಗುತ್ತಿತ್ತು.

ಹಾಗಾದರೆ ಎಲ್ಲವೂ ಅದೃಷ್ಟವೇ ಎಂದು ಕೇಳಬಹುದು. ಖಂಡಿತ ಅಲ್ಲ. ಒಂದು ಪಂದ್ಯದಲ್ಲಿ ಅದೃಷ್ಟಕ್ಕೆ ದೊಡ್ಡ ಪಾಲು, ಹದಿನೆಂಟು ಪಂದ್ಯಗಳಲ್ಲಿ ಅದರ ಪಾಲು ಕುಗ್ಗುತ್ತದೆ. ಲೀಗ್ ಎಂಬ ಏರ್ಪಾಡಿನ ಅರ್ಥವೇ ಇದು. ಹತ್ತು ತಂಡಗಳಿಂದ ಎರಡೆರಡನ್ನು ಆರಿಸುವ ಬಗೆಗಳು 45. ತವರಿನಲ್ಲೊಮ್ಮೆ, ಹೊರಗೊಮ್ಮೆ ಆಡಿದರೆ 90 ಪಂದ್ಯ. ಹೀಗೆ ಆರಿಸುವ ಬಗೆಗಳನ್ನು ಎಣಿಸುವ ಸಾಮಾನ್ಯ ಸೂತ್ರವನ್ನು 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಕೊಟ್ಟಿದ್ದಾರೆ, ಆರು ರುಚಿಗಳನ್ನು ಎಷ್ಟು ಬಗೆಯಲ್ಲಿ ಬೆರೆಸಬಹುದು ಎಂಬುದು ಅಲ್ಲಿನ ಒಂದು ಲೆಕ್ಕ. ಪಂದ್ಯಗಳು ಹೆಚ್ಚಿದಷ್ಟೂ ಅದೃಷ್ಟದ ಪಾಲು ಕುಗ್ಗುವುದರಿಂದಲೇ ನನಗೆ ಕಪ್‌ಗಿಂತ ಅಂಕಪಟ್ಟಿಯ ಮೇಲೆ ಭರವಸೆ ಹೆಚ್ಚು.

ಲೆಕ್ಕ ಹಾಕುತ್ತಾ ಕೂತರೆ ಆಟದ ರೋಮಾಂಚನ ಸಾಯುತ್ತದೆ ಎಂಬ ಆಕ್ಷೇಪವೂ ಇದೆ. ಆದರೆ ಗೆಲ್ಲುವ ಸಾಧ್ಯತೆ ನೂರರಲ್ಲಿ 49 ಎಂದು ತಿಳಿದವನಿಗೂ ಮುಂದಿನ ನಿಮಿಷ ಏನಾಗುತ್ತದೆ ಎಂಬುದು ತಿಳಿದಿರುವುದಿಲ್ಲ. ಸುನಿಲ್ ಚೆಟ್ರಿ ಚೆಂಡಿನ ಹಿಂದೆ ಓಡಿದಾಗ ಅವನ ಎದೆಯೂ ಅಷ್ಟೇ ಹೊಡೆದುಕೊಳ್ಳುತ್ತದೆ. ಸಂಭವನೀಯತೆ ಕಲಿತವರು ಬೆಟ್ಟಿಂಗ್ ಹಾದಿ ಹಿಡಿಯುತ್ತಾರೆ ಎಂಬ ಆತಂಕ ಇದಕ್ಕಿಂತ ಗಂಭೀರ. ಅದಕ್ಕೆ ಮದ್ದೂ ಗಣಿತದಲ್ಲೇ ಇದೆ. ಬುಕ್ಕಿ ಕೊಡುವ ದರಗಳಿಂದ ಗೆಲುವು, ಸೋಲು, ಸಮ ಮೂರರ ಸಂಭವನೀಯತೆ ತೆಗೆದು ಕೂಡಿದರೆ ಮೊತ್ತ ಒಂದನ್ನು ಮೀರುತ್ತದೆ. ಆ ಹೆಚ್ಚುವರಿಯೇ ಅವನ ಲಾಭ. ಇದನ್ನು ತಾನೇ ಕೂಡಿ ನೋಡಿದ ಹುಡುಗನಿಗೆ ಬೇರೆ ಉಪದೇಶ ಬೇಕಾಗುವುದಿಲ್ಲ.

ನಮ್ಮ ಜಿಲ್ಲೆಗೆ ಗಣಿತ ಹೊಸದಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದೊಂದಿಗೆ ಹೆಸರು ಬೆಸೆದಿರುವ ನೇಮಿಚಂದ್ರ ಸಿದ್ಧಾಂತಚಕ್ರವರ್ತಿ 10ನೇ ಶತಮಾನದಲ್ಲೇ ‘ತ್ರಿಲೋಕಸಾರ’ದಲ್ಲಿ ಸಂಖ್ಯಾಶ್ರೇಣಿಗಳನ್ನು ವಿವರಿಸಿದರು. ಹೊಯ್ಸಳರ ಕಾಲದ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ. 2019ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಹಾಸನ ರಾಜ್ಯಕ್ಕೇ ಮೊದಲು ಬಂದಿತು. ಇಷ್ಟಾದರೂ ಸಂಭವನೀಯತೆಯ ಪಾಠ ಮಾತ್ರ ನಾಣ್ಯ, ದಾಳಗಳಲ್ಲೇ ಮುಗಿದುಬಿಡುತ್ತದೆ. ಮೇಷ್ಟ್ರು ಒಂದು ಸಾಲಿನ ಅಂಕಪಟ್ಟಿಯನ್ನು ಬೋರ್ಡಿನ ಮೇಲೆ ಬರೆದು, ಇದರಲ್ಲಿ ಬಲವೆಷ್ಟು, ಅದೃಷ್ಟವೆಷ್ಟು ಎಂದು ಕೇಳಲಿ. ಪರೀಕ್ಷೆ, ಬೆಳೆ, ಚುನಾವಣೆ ಯಾವುದೇ ಇರಲಿ, ಒಂದೇ ಫಲಿತಾಂಶ ನೋಡಿ ಮನುಷ್ಯರನ್ನು ಅಳೆಯಬಾರದು ಎಂಬ ವಿವೇಕ ಮಕ್ಕಳಿಗೆ ಅಲ್ಲಿಂದಲೇ ಶುರುವಾಗುತ್ತದೆ. ನನ್ನ ಎರಡು ಪ್ರೀತಿಗಳು ಸೇರಿ ನನಗೆ ಕಲಿಸಿದ್ದೂ ಇದನ್ನೇ.