ಹಳೆಯ ಹಂಚಿನ ಮಾಡು: ದುರಸ್ತಿಯೋ, ಹೊಸ ಹೊದಿಕೆಯೋ?

ಅನ್ನ, ಬಟ್ಟೆಗಳ ನಂತರ ಮನುಷ್ಯನಿಗೆ ಬೇಕಾದುದು ತಲೆಯ ಮೇಲೊಂದು ಸೂರು. ಊರು ಬಿಟ್ಟು ಮುಂಬಯಿ ಸೇರಿದವನಿಗೆ ಈ ಮೂರರಲ್ಲಿ ಅತ್ಯಂತ ದುಬಾರಿಯಾದುದೂ ಅದೇ. ಹೀಗಿದ್ದರೂ ಗೋಡೆಗೆ ಬಣ್ಣ, ನೆಲಕ್ಕೆ ಹಾಸುಬಿಲ್ಲೆ, ಕಿಟಕಿಗೆ ಪರದೆ ಎಂದು ಹಣ ವೆಚ್ಚ ಮಾಡುವ ಗೃಹಸ್ಥನು ಮಾಡಿನ ಕಡೆಗೆ ತಲೆಯೆತ್ತಿ ನೋಡುವುದು ಜೂನ್ ತಿಂಗಳಲ್ಲಿ ಮೊದಲ ಹನಿ ಹಾಸಿಗೆಯ ಮೇಲೆ ಬಿದ್ದಾಗ. ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಆಗ ತಾಡಪತ್ರಿ ಹುಡುಕುವ ಓಡಾಟ ಆರಂಭವಾಗುತ್ತದೆ.

ಘಾಟ್ಕೋಪರಿನಲ್ಲಿ ಇಂದು ಬಹುಮಹಡಿ ಕಟ್ಟಡಗಳು ಎಲ್ಲೆಡೆ ಎದ್ದಿವೆ. ಆದರೂ ಹಳೆಯ ಚಾಳುಗಳಲ್ಲಿ, ಅಸಲ್ಫಾದ ಗುಡ್ಡದ ಇಳಿಜಾರಿನಲ್ಲಿ, ಹಂಚು, ಸಿಮೆಂಟ್ ಶೀಟು ಅಥವಾ ಇಲ್ಲಿನವರು ಪತ್ರಾ ಎನ್ನುವ ತಗಡು ಹೊದೆಸಿದ ಮನೆಗಳು ಕಡಿಮೆಯೇನಿಲ್ಲ. ಅಂಥದೊಂದು ಚಾಳಿನ ಮೇಲಂತಸ್ತಿನಲ್ಲಿ, ಹಂಚಿನ ಮಾಡಿನ ಕೆಳಗೆ, ಉಡುಪಿ ಕಡೆಯ ಒಂದು ಕುಟುಂಬ ವಾಸಿಸುತ್ತಿದೆಯೆಂದು ಭಾವಿಸೋಣ. ಯಜಮಾನರು ಕ್ಯಾಂಟೀನಿನ ಕೆಲಸದಿಂದ ನಿವೃತ್ತರು, ಮಗ ದುಡಿಯುತ್ತಾನೆ, ಏಳು ವರ್ಷದ ಮೊಮ್ಮಗಳಿಗೆ ಉಬ್ಬಸ. ಮಳೆಗಾಲ ಬಂತೆಂದರೆ ಮಾಡು ಸೋರುತ್ತದೆ, ಗೋಡೆ ಕಪ್ಪಾಗುತ್ತದೆ, ಮಗುವಿನ ಎದೆ ಸುಂಯ್ ಎನ್ನುತ್ತದೆ. ಪ್ರತಿ ವರ್ಷದಂತೆ ತೇಪೆ ಹಾಕಿಸಬೇಕೋ, ಇದ್ದ ಉಳಿತಾಯವನ್ನು ಸುರಿದು ಮಾಡನ್ನೇ ಬದಲಾಯಿಸಬೇಕೋ? ಈ ಪ್ರಶ್ನೆಗೆ ಉತ್ತರವನ್ನು ಕ್ರಮವಾಗಿ ಕಂಡುಕೊಳ್ಳಬಹುದು.

ಹಂಚೂ ವಲಸೆ ಬಂದದ್ದೇ

ನಮ್ಮವರಿಗಿಂತ ಮೊದಲೇ ನಮ್ಮೂರಿನ ಹಂಚು ಮುಂಬಯಿಗೆ ವಲಸೆ ಬಂದಿತ್ತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ನೇತ್ರಾವತಿ, ಗುರುಪುರ ನದಿಗಳ ದಡದ ಜೇಡಿಮಣ್ಣಿನಿಂದ ಮಾಡಿದ ಆ ಹಂಚುಗಳು ಹಡಗೇರಿ ಮುಂಬಯಿಯ ಬಂದರಿಗೂ ಬಂದವು. ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಕೂರುವಂತೆ ಮಾಡಿರುವುದರಿಂದ ಈ ಹಂಚಿಗೆ ಗಾರೆಯ ಹಂಗಿಲ್ಲ. ಒಡೆಯದಿದ್ದರೆ ಒಂದು ಹಂಚು ಹಲವು ದಶಕಗಳ ಕಾಲ ಬಾಳುತ್ತದೆ. ಆದರೆ ಅದನ್ನು ಹೊತ್ತ ಮರಕ್ಕೆ ಅಷ್ಟು ಆಯುಷ್ಯವಿರುವುದಿಲ್ಲ. ಇಡೀ ವಿಷಯದ ಕೀಲಿಕೈ ಇಲ್ಲಿದೆ: ಮಾಡಿನ ವಯಸ್ಸನ್ನು ಅಳೆಯಬೇಕಾದುದು ಹಂಚಿನಿಂದಲ್ಲ, ಅದರ ಕೆಳಗಿನ ಪಕ್ಕಾಸು ಮತ್ತು ರೀಪುಗಳಿಂದ.

ಪರೀಕ್ಷೆ ಮಾಡುವ ಬಗೆ

ಮೊದಲನೆಯದಾಗಿ, ಹಗಲು ಹೊತ್ತಿನಲ್ಲಿ ಕಿಟಕಿ ಬಾಗಿಲು ಮುಚ್ಚಿ, ದೀಪವಾರಿಸಿ ಮೇಲೆ ನೋಡಬೇಕು. ಬೆಳಕಿನ ಚುಕ್ಕಿ ಕಂಡಲ್ಲೆಲ್ಲ ಹಂಚು ಒಡೆದಿದೆ ಅಥವಾ ಸರಿದಿದೆಯೆಂದು ತಿಳಿಯಬಹುದು. ಆದರೆ ನೀರು ತೊಟ್ಟಿಕ್ಕುವ ಸ್ಥಳವೇ ಸೋರುವ ಸ್ಥಳವೆಂದು ಭಾವಿಸಬಾರದು. ಮೇಲೆಲ್ಲೋ ಒಳಹೊಕ್ಕ ನೀರು ಪಕ್ಕಾಸಿನ ಗುಂಟ ಇಳಿದು ಬಂದು ಬೇರೊಂದೆಡೆ ಬೀಳುವುದುಂಟು. ಗೋಡೆಯೂ ಮಾಡೂ ಕೂಡುವಲ್ಲಿ ಗಾರೆ ಬಿರುಕು ಬಿಟ್ಟಿದ್ದರೂ ನಿರಪರಾಧಿಯಾದ ಹಂಚಿನ ಮೇಲೆ ದೂರು ಬರುತ್ತದೆ.

ಎರಡನೆಯದಾಗಿ, ರೀಪು ಮತ್ತು ಪಕ್ಕಾಸುಗಳನ್ನು, ಮುಖ್ಯವಾಗಿ ಅವು ಗೋಡೆಯ ಮೇಲೆ ಕೂರುವ ತುದಿಗಳನ್ನು, ಸ್ಕ್ರೂಡ್ರೈವರಿನ ಮೊನೆಯಿಂದ ಚುಚ್ಚಿ ನೋಡಬೇಕು. ಮೊನೆ ಸಲೀಸಾಗಿ ಒಳಗಿಳಿದರೆ, ಪುಡಿ ಉದುರಿದರೆ, ಗೆದ್ದಲಿನ ಮಣ್ಣುಗೆರೆ ಕಂಡರೆ ಮರ ಸೋತಿದೆಯೆಂದರ್ಥ.

ಮೂರನೆಯದಾಗಿ, ಎದುರು ಮನೆಯ ಮಹಡಿಯಿಂದ ಮಾಡಿನ ನೆತ್ತಿಯ ಗೆರೆಯನ್ನು ನೋಡಬೇಕು. ಅದು ನಡುವೆ ತಗ್ಗಿದ್ದರೆ ದೋಷವಿರುವುದು ತೊಲೆಯಲ್ಲೋ ಗೋಡೆಯಲ್ಲೋ. ಆಗ ಬಡಗಿಯ ಮಾತು ಸಾಲದು, ಇಂಜಿನಿಯರರ ಸಲಹೆ ಅವಶ್ಯ. ಸಂಸಾರಸಮೇತ ಜನ ವಾಸವಾಗಿದ್ದ ಕಟ್ಟಡವೊಂದು 2017ರ ಜುಲೈ 25ರಂದು ಇದೇ ಘಾಟ್ಕೋಪರಿನ ಪಶ್ಚಿಮ ಭಾಗದಲ್ಲಿ ಕುಸಿದು 17 ಮಂದಿ ಪ್ರಾಣ ಕಳೆದುಕೊಂಡದ್ದನ್ನು ಯಾರೂ ಮರೆಯುವಂತಿಲ್ಲ. ಭಾರ ಹೊರುವ ಭಾಗದ ವಿಚಾರದಲ್ಲಿ ಊಹೆಗೆ ಎಡೆಯಿಲ್ಲ.

ಈ ಮೂರು ಪರೀಕ್ಷೆಗಳಿಂದ ಉತ್ತರ ತಾನಾಗಿ ಹೊರಬೀಳುತ್ತದೆ. ಮರ ಗಟ್ಟಿಯಿದ್ದು ಹಂಚು ಮಾತ್ರ ಅಲ್ಲಲ್ಲಿ ಒಡೆದಿದ್ದರೆ ದುರಸ್ತಿ ಸಾಕು. ರೀಪುಗಳು ಕೊಳೆತು ಪಕ್ಕಾಸು, ತೊಲೆಗಳು ಗಟ್ಟಿಯಾಗಿದ್ದರೆ ಹಂಚನ್ನು ಇಳಿಸಿ, ಹೊಸ ರೀಪು ಹೊಡೆದು, ಒಳ್ಳೆಯ ಹಂಚುಗಳನ್ನು ಮತ್ತೆ ಹೊದೆಸುವುದು ಮಧ್ಯಮ ಮಾರ್ಗ. ಪಕ್ಕಾಸು, ತೊಲೆಗಳೇ ಸೋತಿದ್ದರೆ ತೇಪೆ ಹಾಕುವುದು ಹಣವನ್ನು ನೀರಿಗೆ ಹಾಕಿದಂತೆ, ಬದಲಾವಣೆಯೇ ದಾರಿ. ಬದಲಿ ಹಂಚು ಕೊಳ್ಳುವಾಗ ಹಳೆಯದೊಂದನ್ನು ಮಾದರಿಗೆ ಒಯ್ಯಬೇಕು. ಬೇರೆ ಅಚ್ಚಿನ ಹಂಚಿನ ತೋಡು ಹೊಂದಿಕೆಯಾಗದಿದ್ದರೆ ಹೊಸದೇ ಸೋರತೊಡಗುತ್ತದೆ.

ಲೆಕ್ಕದ ಮಾತು

ಇನ್ನು ಹಣದ ವಿಚಾರ. ಕೆಲಸಗಾರರ ದರ ಓಣಿಯಿಂದ ಓಣಿಗೆ ಬದಲಾಗುವುದರಿಂದ ಮುಂದಿನ ಅಂಕಿಗಳನ್ನು ಕೇವಲ ಉದಾಹರಣೆಯೆಂದು ತಿಳಿಯಬೇಕು. ಮೇಲಿನ ಕುಟುಂಬಕ್ಕೆ ವರ್ಷಂಪ್ರತಿ ತೇಪೆ ಮತ್ತು ತಾಡಪತ್ರಿಗೆ 9,000 ರೂಪಾಯಿ ತಗಲುತ್ತದೆ. ಹಂಚಿಳಿಸಿ ರೀಪು ಬದಲಾಯಿಸಲು 40,000 ರೂಪಾಯಿ. ಬಾಳಿಕೆ 10 ವರ್ಷ. ಪೂರ್ಣ ಬದಲಾವಣೆಗೆ 90,000 ರೂಪಾಯಿ. ಬಾಳಿಕೆ 20 ವರ್ಷ. ಬ್ಯಾಂಕಿನಲ್ಲಿಟ್ಟ ಹಣಕ್ಕೆ ಶೇಕಡಾ 7ರ ಬಡ್ಡಿ ದೊರೆಯುವುದೆಂದು ಎಣಿಸಿ ಸಾಲದ ಕಂತಿನಂತೆ ಹಂಚಿದರೆ, ಮಧ್ಯಮ ಮಾರ್ಗಕ್ಕೆ ವರ್ಷಕ್ಕೆ ಸುಮಾರು 5,700 ರೂಪಾಯಿ, ಪೂರ್ಣ ಬದಲಾವಣೆಗೆ ಸುಮಾರು 8,500 ರೂಪಾಯಿ ಬೀಳುತ್ತದೆ. ಎರಡೂ 9,000ಕ್ಕಿಂತ ಕಡಿಮೆ! ಅಗ್ಗವೆಂದು ತೋರಿದ ತೇಪೆಯೇ ಎಲ್ಲಕ್ಕಿಂತ ದುಬಾರಿಯಾಯಿತು.

ಆದರೆ ಚಾಳು ಐದೇ ವರ್ಷಗಳಲ್ಲಿ ಪುನರ್ನಿರ್ಮಾಣಕ್ಕೆ ಹೋಗುವುದು ಖಚಿತವಿದ್ದರೆ ಈ ಲೆಕ್ಕ ತಲೆಕೆಳಗಾಗುತ್ತದೆ. ಅದೇ 90,000 ರೂಪಾಯಿಯನ್ನು ಐದು ವರ್ಷಗಳಿಗೆ ಹಂಚಿದರೆ ವರ್ಷಕ್ಕೆ ಸುಮಾರು 22,000 ರೂಪಾಯಿಯಾಗುತ್ತದೆ. ಮಧ್ಯಮ ಮಾರ್ಗಕ್ಕೆ ಸುಮಾರು 9,800. ಆದುದರಿಂದ ಮಾಡು ಎಷ್ಟು ವರ್ಷ ಬಾಳುತ್ತದೆಂಬುದರ ಜೊತೆಗೆ ತಾವು ಅದರ ಕೆಳಗೆ ಎಷ್ಟು ವರ್ಷ ಬಾಳುವೆವೆಂಬುದನ್ನೂ ಕೇಳಿಕೊಳ್ಳಬೇಕು. ಪುನರ್ನಿರ್ಮಾಣದ ವದಂತಿ ಬೇರೆ, ಸಹಿಯಾದ ಕರಾರು ಬೇರೆ. ವದಂತಿಯನ್ನು ನಂಬಿ ಹತ್ತು ಮಳೆಗಾಲ ನೆನೆದವರೂ ಇದ್ದಾರೆ.

ಬಾಡಿಗೆದಾರರು ಇನ್ನೊಂದು ವಿಷಯವನ್ನು ತಿಳಿದಿರಬೇಕು. ಹಳೆಯ ಸೆಸ್ ಕಟ್ಟಡಗಳ ದುರಸ್ತಿ ಮಾಡುವ ಮ್ಹಾಡಾದ ದುರಸ್ತಿ ಮಂಡಳಿಯ ವ್ಯಾಪ್ತಿ ದ್ವೀಪನಗರಕ್ಕೆ ಮಾತ್ರ. ಉಪನಗರವಾದ ಘಾಟ್ಕೋಪರಿಗೆ ಆ ಆಸರೆಯಿಲ್ಲ. ಆದರೆ ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯಿದೆಯ ಪ್ರಕಾರ ಮನೆಯನ್ನು ಸುಸ್ಥಿತಿಯಲ್ಲಿಡುವುದು ಮಾಲೀಕನ ಕರ್ತವ್ಯ. ಆತ ಅಲಕ್ಷಿಸಿದರೆ ಕನಿಷ್ಠ 15 ದಿನಗಳ ನೋಟೀಸು ಕೊಟ್ಟು, ಬಾಡಿಗೆದಾರರು ತಾವೇ ಒಟ್ಟಾಗಿ ದುರಸ್ತಿ ಮಾಡಿಸಿ, ಕಾಯಿದೆಯ ಮಿತಿಯೊಳಗೆ ಆ ವೆಚ್ಚವನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ನೋಟೀಸಿನ ಪ್ರತಿಯನ್ನೂ ರಸೀದಿಗಳನ್ನೂ ಕಾಪಾಡಿಕೊಳ್ಳುವುದು ಜಾಣತನ. ದುರಸ್ತಿಯ ನೆಪದಲ್ಲಿ ಅಟ್ಟಕ್ಕಾಗಿ ಮಾಡಿನ ಎತ್ತರವನ್ನು ಏರಿಸುವುದು ಮಾತ್ರ ಸಲ್ಲದು. ಅದಕ್ಕೆ ಮಹಾನಗರಪಾಲಿಕೆಯ ಅನುಮತಿ ಬೇಕು.

ಲೆಕ್ಕದ ಪುಸ್ತಕದಲ್ಲಿ ಬರೆಯದ ವೆಚ್ಚ

ಮೇಲಿನ ಲೆಕ್ಕದಲ್ಲಿ ಒಂದು ಬಾಬು ಬಿಟ್ಟುಹೋಗಿದೆ: ಆರೋಗ್ಯ. ತೇವವಾದ ಗೋಡೆ, ಚಾವಣಿಗಳಲ್ಲಿ ಬೂಷ್ಟು ಬೆಳೆಯುತ್ತದೆ. ಅದರ ಕಣ್ಣಿಗೆ ಕಾಣದ ಬೀಜಕಣಗಳು ಉಸಿರಿನೊಂದಿಗೆ ಒಳಸೇರುತ್ತವೆ. ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ಉಬ್ಬಸ, ಕೆಮ್ಮು ಮುಂತಾದ ಶ್ವಾಸಸಂಬಂಧಿ ತೊಂದರೆಗಳು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಸ್ಪಷ್ಟಪಡಿಸಿದೆ. ಬೂಷ್ಟಿನ ಮೇಲೆ ಬಣ್ಣ ಬಳಿದರೆ ರೋಗವನ್ನು ಮುಚ್ಚಿದಂತೆಯೇ ಹೊರತು ಗುಣಪಡಿಸಿದಂತಲ್ಲ. ಮೊದಲು ಸೋರಿಕೆ ನಿಲ್ಲಬೇಕು. ಅನಂತರ ಸಾಬೂನಿನ ನೀರಿನಿಂದ ಒರೆಸಿ, ಗಾಳಿಯಾಡಿಸಿ, ಗೋಡೆ ಪೂರ್ತಿ ಒಣಗಿದ ಮೇಲೆ ಬಣ್ಣ.

ತಾಡಪತ್ರಿಯ ಮಡಿಕೆಗಳಲ್ಲಿ ನಿಂತ ಮಳೆನೀರು ಡೆಂಗ್ಯೂ ಹರಡುವ ಸೊಳ್ಳೆಗೆ ತೊಟ್ಟಿಲು. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಆದುದರಿಂದ ತಾಡಪತ್ರಿ ಅನಿವಾರ್ಯವಾದರೆ ಅದನ್ನು ಬಿಗಿಯಾಗಿ, ನೀರು ನಿಲ್ಲದಂತೆ ಇಳಿಜಾರಾಗಿ ಕಟ್ಟಬೇಕು. ಸೋರುವ ನೀರು ವಿದ್ಯುತ್ ತಂತಿಗೆ ತಗಲುವಂತಿದ್ದರೆ ಒಂದು ದಿನವೂ ತಡಮಾಡುವಂತಿಲ್ಲ.

ಹೊಸ ಹೊದಿಕೆಯ ಆಯ್ಕೆಯಲ್ಲೂ ಎಚ್ಚರ ಬೇಕು. ಅಗ್ಗವೆಂದು ಹಲವರು ಆರಿಸುವ ಸಿಮೆಂಟ್ ಶೀಟುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಬೆರೆತಿರುವುದುಂಟು. ಕಲ್ನಾರಿನ ಎಲ್ಲ ಬಗೆಗಳೂ ಕ್ಯಾನ್ಸರಿಗೆ ಕಾರಣವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ತೀರ್ಮಾನ. ಅದರ ಎಳೆಗಳು ಶ್ವಾಸಕೋಶದಲ್ಲಿ ಸೇರಿ ದಶಕಗಳ ನಂತರ ರೋಗವಾಗಿ ತಲೆದೋರುತ್ತವೆ. ಈಗಾಗಲೇ ಅಂಥ ಶೀಟು ಇದ್ದವರು ಗಾಬರಿಗೊಳ್ಳಬೇಕಾಗಿಲ್ಲ. ಒಡೆಯದೆ, ಸವೆಯದೆ ಇರುವ ಶೀಟಿನಿಂದ ಅಪಾಯ ಕಡಿಮೆ. ಕೊಯ್ಯುವಾಗ, ಕೊರೆಯುವಾಗ, ಮುರಿಯುವಾಗ ಏಳುವ ಧೂಳೇ ವಿಷ. ತೆಗೆಯಬೇಕಾದಾಗ ನೀರೆರಚಿ ಒದ್ದೆ ಮಾಡಿ ಇಡಿಯಾಗಿ ಇಳಿಸಬೇಕು; ಒಣ ಪೊರಕೆಯಿಂದ ಗುಡಿಸಬಾರದು; ಆ ಹೊತ್ತಿನಲ್ಲಿ ಮಕ್ಕಳು ಮನೆಯಲ್ಲಿರಬಾರದು. ಹೊಸದಾಗಿ ಕೊಳ್ಳುವವರು ಕಲ್ನಾರಿಲ್ಲದ ಶೀಟನ್ನೇ ಕೇಳಿ ಪಡೆಯುವುದು ಕ್ಷೇಮ. ತಗಡು ಹಗುರ, ಸೋತ ಗೋಡೆಗೆ ಅನುಕೂಲ. ಆದರೆ ಬೇಸಿಗೆಯಲ್ಲಿ ಕಾದ ಕಾವಲಿಯಾಗುತ್ತದೆ. ಅದರ ಕೆಳಗೆ ಶಾಖ ತಡೆಯುವ ಪದರ ಹಾಕಿಸದಿದ್ದರೆ ವೃದ್ಧರಿಗೂ ಶಿಶುಗಳಿಗೂ ಕಷ್ಟ. ತಂಪಿನ ವಿಷಯದಲ್ಲಿ ಹಂಚು ಇಂದಿಗೂ ಮೇಲು.

ಕೆಲಸಕ್ಕೆ ಕಾಲ

ಮುಂಬಯಿಗೆ ಮುಂಗಾರು ಸಾಮಾನ್ಯವಾಗಿ ಜೂನ್ 11ರ ಸುಮಾರಿಗೆ ಬರುತ್ತದೆ. ಹಾಗೆಂದು ಮೇ ತಿಂಗಳನ್ನೆಲ್ಲ ನಂಬಿಕೊಳ್ಳಲಾಗದು. 2021ರ ಮೇ 17ರಂದು ತೌಕ್ತೆ ಚಂಡಮಾರುತದ ಗಾಳಿಮಳೆ ನಗರವನ್ನು ಅಲ್ಲಾಡಿಸಿತು. 2024ರ ಮೇ 13ರ ಬಿರುಗಾಳಿಗೆ ಘಾಟ್ಕೋಪರಿನಲ್ಲಿಯೇ ಬೃಹತ್ ಜಾಹೀರಾತು ಫಲಕ ಉರುಳಿ 17 ಜನ ಬಲಿಯಾದರು. ಆದುದರಿಂದ ಫೆಬ್ರವರಿಯಲ್ಲಿ ಪರೀಕ್ಷೆ, ಮಾರ್ಚಿಯಲ್ಲಿ ಕನಿಷ್ಠ ಇಬ್ಬರಿಂದ ಲಿಖಿತ ಅಂದಾಜು, ಏಪ್ರಿಲ್ ಮುಗಿಯುವುದರೊಳಗೆ ಕೆಲಸ ಎಂಬ ಕ್ರಮ ಉತ್ತಮ. ಹಣವನ್ನು ಕೆಲಸ ಸಾಗಿದಂತೆ ಕಂತುಗಳಲ್ಲಿ ಕೊಡಬೇಕು. ಕೊನೆಯ ಕಂತನ್ನು ಮೊದಲ ಮಳೆ ಬಿದ್ದ ಮೇಲೆ ಕೊಡುವಂತೆ ಮೊದಲೇ ಬರೆದಿಟ್ಟುಕೊಳ್ಳುವುದು ಲೇಸು.

ಆ ಕುಟುಂಬದ ಕಡೆಗೆ ಮತ್ತೆ ಬರೋಣ. ಅವರ ಪಕ್ಕಾಸು, ತೊಲೆ ಗಟ್ಟಿಯಾಗಿದ್ದು ರೀಪು ಮಾತ್ರ ಕೊಳೆತಿದ್ದರೆ ಮಧ್ಯಮ ಮಾರ್ಗವೇ ಅವರಿಗೆ ತಕ್ಕುದು. ಪುನರ್ನಿರ್ಮಾಣ ಐದು ವರ್ಷಗಳಲ್ಲಿ ಬಂದರೂ, ತೇಪೆಗಿಂತ ವರ್ಷಕ್ಕೆ ಕೇವಲ ಎಂಟುನೂರು ರೂಪಾಯಿಯಷ್ಟು ಹೆಚ್ಚಾದೀತು. ಮೊಮ್ಮಗಳ ಔಷಧಿ, ವೈದ್ಯರ ಶುಲ್ಕ, ಮಗ ಕಳೆದುಕೊಳ್ಳುವ ಕೂಲಿ ದಿನಗಳನ್ನು ಎದುರಿಗಿಟ್ಟರೆ ಆ ಎಂಟುನೂರು ಒಂದು ಲೆಕ್ಕವೇ ಅಲ್ಲ. ಮಳೆಯ ರಾತ್ರಿ ಪಾತ್ರೆಗಳನ್ನು ಹುಡುಕದೆ ಮನೆಮಂದಿ ಮಲಗುವುದು, ಮಗು ಕೆಮ್ಮದೆ ಬೆಳಗಿನವರೆಗೆ ನಿದ್ರಿಸುವುದು — ಮಾಡಿಗೆ ಹಾಕಿದ ಹಣದ ಬಡ್ಡಿಯೆಂದರೆ ಇದೇ.