ಕೆಮ್ಮಿನ ಹನಿ ಎಷ್ಟು ಹೊತ್ತು ತೇಲುವುದು?

ಯಡ್ತರೆಯ ನಮ್ಮ ಜನರು ದೊಡ್ಡ ಕಾಯಿಲೆಯಾದರೆ ಮಣಿಪಾಲಕ್ಕೆ ಹೋಗುವುದುಂಟು. 2018ನೆಯ ಇಸವಿಯ ಮೇ ತಿಂಗಳಲ್ಲಿ ಅದೇ ಮಣಿಪಾಲದ ವೈರಸ್ ಸಂಶೋಧನ ಕೇಂದ್ರಕ್ಕೆ ಕೇರಳದ ಕೋಳಿಕ್ಕೋಡಿನಿಂದ ಕೆಲವು ರೋಗಿಗಳ ಮಾದರಿಗಳು ಬಂದುವು. ರೋಗವು ನಿಪಾ ಎಂದು ಅಲ್ಲಿ ಗುರುತಾಯಿತು. ಪುಣೆಯ ರಾಷ್ಟ್ರೀಯ ಸಂಸ್ಥೆಯು ಅದನ್ನು ದೃಢಪಡಿಸಿತು. ಆ ಸಲ 17 ಮಂದಿ ತೀರಿಕೊಂಡರು. ಜನರು ಬಾವಲಿಗೆ ಹೆದರಿ ಹಣ್ಣನ್ನೂ ಮುಟ್ಟದಾದರು. ಆದರೆ ವಿಚಾರಿಸಿ ನೋಡಿದಾಗ, ಮೊದಲ ರೋಗಿಯ ಹೊರತು ಉಳಿದವರಿಗೆ ಅದು ಅಂಟಿದ್ದು ಮನುಷ್ಯರಿಂದ, ಅದೂ ಬಹುಮಟ್ಟಿಗೆ ಆಸ್ಪತ್ರೆಗಳಲ್ಲಿ! ಪೆರಾಂಬ್ರದ ದಾದಿ ಲಿನಿಯವರು ಶುಶ್ರೂಷೆ ಮಾಡುತ್ತಲೇ ರೋಗಕ್ಕೆ ತುತ್ತಾದರು. ಸ್ಕ್ಯಾನ್ ಕೋಣೆಯ ಹೊರಗಿನ ಕಾರಿಡಾರಿನಲ್ಲಿ ಸುಮ್ಮನೆ ಕಾದಿದ್ದವರಿಗೂ ಅದು ತಗಲಿತು.

ಕೆಮ್ಮುವವನ ಬಾಯಿಂದ ಪಕ್ಕದವನ ಮೂಗಿಗೆ ರೋಗವು ಸಾಗುವ ಬಗೆಯನ್ನು ತಿಳಿಯಲು ಭೌತಶಾಸ್ತ್ರದ ನೆರವು ಬೇಕು. ಹನಿಯನ್ನು ಭೂಮಿಯು ಕೆಳಕ್ಕೆ ಸೆಳೆಯುತ್ತದೆ. ಗಾಳಿಯ ಸ್ನಿಗ್ಧತೆಯು ತಡೆಯುತ್ತದೆ. ಎರಡೂ ಸರಿದೂಗಿದೊಡನೆ ಹನಿಯು ಒಂದೇ ವೇಗದಲ್ಲಿ ಇಳಿಯತೊಡಗುವುದು. ಸಣ್ಣ ಹನಿಗಳಲ್ಲಿ ಈ ವೇಗವು ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಇದು 1851ರಲ್ಲಿ ಸ್ಟೋಕ್ಸ್ ಮಂಡಿಸಿದ ನಿಯಮದ ಫಲ. ಮಿಲಿಮೀಟರಿನ ಹತ್ತನೆಯ ಒಂದಂಶ ವ್ಯಾಸದ ಹನಿಯು ಒಂದೂವರೆ ಮೀಟರು ಎತ್ತರದಿಂದ ಐದಾರು ಸೆಕೆಂಡುಗಳಲ್ಲಿ ನೆಲ ಮುಟ್ಟುವುದು. ನೂರನೆಯ ಒಂದಂಶದ ಹನಿಗಾದರೋ ಸುಮಾರು ಎಂಟು ನಿಮಿಷ ಬೇಕು. ಬೀಳುವ ಮೊದಲೇ ಅದು ಒಣಗಿ ಇನ್ನೂ ಕಿರಿದಾದರೆ ಬಹಳ ಹೊತ್ತು ತೇಲುವುದು. ನಿಪಾ ಹೆಚ್ಚಾಗಿ ಹತ್ತಿರದ ಒಡನಾಟದಿಂದ ಅಂಟತಕ್ಕದ್ದು. ಕ್ಷಯ, ದಡಾರಗಳು ತೇಲುವ ಕಣಗಳಿಂದಲೂ ಹರಡುತ್ತವೆ.

ತೇಲುವ ಕಣಗಳಿಗೆ ಮದ್ದು ಗಾಳಿಯೇ. ಕೋಣೆಯಷ್ಟು ಹೊಸ ಗಾಳಿ ಒಂದು ಸಲ ಒಳಬಂದರೆ ಹಳೆಯದೆಲ್ಲ ಹೋಯಿತೆಂದು ವಿದ್ಯಾರ್ಥಿಗಳು ಎಣಿಸುವುದುಂಟು. ಹಾಗಲ್ಲ; ಹೊಸದು ಹಳೆಯದರೊಡನೆ ಬೆರೆಯುವುದರಿಂದ ನೂರಕ್ಕೆ 37 ಪಾಲು ಉಳಿದೇ ಇರುತ್ತದೆ. ಗಂಟೆಗೆ 12 ಸಲ ಗಾಳಿ ಬದಲಾದರೂ ಅದು ನೂರಕ್ಕೆ ಒಂದು ಪಾಲಿಗೆ ಇಳಿಯಲು 23 ನಿಮಿಷ ಹಿಡಿಯುವುದು. ಕಿಟಕಿ ಮುಚ್ಚಿದ, ನೆಂಟರಿಷ್ಟರು ಕಿಕ್ಕಿರಿದ ವಾರ್ಡಿನ ಪಾಡೇನು?

ಮುಸುಕನ್ನು ಮೊದಲು ಕೆಮ್ಮುವವನೇ ಏಕೆ ಧರಿಸಬೇಕೆಂಬುದಕ್ಕೂ ಇಲ್ಲಿಯೇ ಉತ್ತರವಿದೆ. ಬಾಯಿಂದ ಹೊರಟ ಕ್ಷಣದಲ್ಲಿ ಹನಿಯು ಒದ್ದೆಯಾಗಿ ದೊಡ್ಡದಾಗಿರುತ್ತದೆ, ಬಟ್ಟೆಗೆ ಸುಲಭವಾಗಿ ಸಿಕ್ಕಿಬೀಳುತ್ತದೆ. ಒಣಗಿ ಕಿರಿದಾದ ಮೇಲೆ ಅದನ್ನು ಹಿಡಿಯುವುದು ಕಷ್ಟ. ಇನ್ನು ಮಂಚದ ಕಂಬಿಯ ಮೇಲೆ ಬಿದ್ದ ಹನಿಯನ್ನು ಮುಂದಿನ ರೋಗಿಗೆ ಒಯ್ಯುವುದು ಗಾಳಿಯಲ್ಲ, ತೊಳೆಯದ ಕೈ.