ಕಂಪ್ಯೂಟರಿಗೆ ವೈರಸ್ ಬರೋದು ಹೇಗೆ?



ಕಂಪ್ಯೂಟರಿಗೂ ವೈರಸ್ ಬರುತ್ತದೆ ಎಂದು ಕೇಳಿದ್ದೀರಿ. ಅದು ನೆಗಡಿಯ ವೈರಸ್ ಅಲ್ಲ, ಗಾಳಿಯಲ್ಲಿ ಬರೋದೂ ಇಲ್ಲ. ಯಾರೋ ಕೆಡುಕು ಮಾಡಲೆಂದೇ ಬರೆದ ಪ್ರೋಗ್ರಾಂ ಅದು. ಪ್ರೋಗ್ರಾಂ ಎಂದರೆ ಕಂಪ್ಯೂಟರಿಗೆ ಕೊಡುವ ಆಜ್ಞೆಗಳ ಪಟ್ಟಿ. ಆಜ್ಞೆ ಒಳ್ಳೆಯದೋ ಕೆಟ್ಟದ್ದೋ ಅಂತ ಕಂಪ್ಯೂಟರ್ ಯೋಚಿಸೋದಿಲ್ಲ. ಹೇಳಿದ್ದನ್ನು ಮಾಡುತ್ತದೆ, ಅಷ್ಟೆ.

ನಿಜವಾಗಿ ನಡೆದದ್ದೊಂದನ್ನು ನೋಡೋಣ. 2000ನೇ ಇಸವಿ ಮೇ 4ರಂದು ಫಿಲಿಪ್ಪೀನ್ಸ್ ದೇಶದಿಂದ ಒಂದು ಇ-ಮೇಲ್ ಹರಡತೊಡಗಿತು. ಅದರ ತಲೆಬರಹ 'ಐ ಲವ್ ಯೂ'. ಜೊತೆಗಿದ್ದ ಫೈಲಿನ ಹೆಸರು 'ಲವ್-ಲೆಟರ್-ಫಾರ್-ಯೂ.ಟಿಎಕ್ಸ್‌ಟಿ.ವಿಬಿಎಸ್'. 'ಟಿಎಕ್ಸ್‌ಟಿ' ಎಂದರೆ ಬರೀ ಓದುವ ಬರಹ. 'ವಿಬಿಎಸ್' ಎಂದರೆ ಪ್ರೋಗ್ರಾಂ. ಆದರೆ ವಿಂಡೋಸ್ ಹೆಸರಿನ ಕೊನೆಯ ತುಂಡನ್ನು ಮರೆಮಾಡುತ್ತಿತ್ತು. ಜನ ಪತ್ರವೆಂದೇ ತಿಳಿದು ಒತ್ತಿದರು.

ಒತ್ತಿದ ಕೂಡಲೇ ಅದು ಮಾಡಿದ ಕೆಲಸಗಳು:

1. ವಿಂಡೋಸ್‌ನ ಫೋಲ್ಡರಿನೊಳಗೆ ತನ್ನ ಪ್ರತಿ ಇಟ್ಟಿತು. ಅದಕ್ಕೆ ಹೆಸರೂ ವಿಂಡೋಸ್‌ನ ಫೈಲಿನಂತೆಯೇ!

2. ವಿಂಡೋಸ್‌ನ ದಾಖಲೆ ಪುಸ್ತಕದಂತಿರುವ 'ರಿಜಿಸ್ಟ್ರಿ'ಯಲ್ಲಿ ಹೆಸರು ಸೇರಿಸಿಕೊಂಡಿತು. ಇದರಿಂದ ಕಂಪ್ಯೂಟರ್ ಆನ್ ಮಾಡಿದಾಗಲೆಲ್ಲ ಅದೂ ಏಳುತ್ತಿತ್ತು.

3. 'ಜೆಪಿಜಿ' ಚಿತ್ರಗಳನ್ನು ಅಳಿಸಿ ಆ ಜಾಗದಲ್ಲಿ ತನ್ನ ಪ್ರತಿ ಕೂರಿಸಿತು. ಬೇರೆ ಕಡೆ ಪ್ರತಿ ಇಡದವರ ಫೋಟೋಗಳು ಹೋದವು.

4. ಇ-ಮೇಲ್ ವಿಳಾಸ ಪುಸ್ತಕದಲ್ಲಿದ್ದ ಎಲ್ಲರಿಗೂ ಅದೇ ಪತ್ರ ಕಳಿಸಿತು. ಗುರುತಿನವರ ಹೆಸರಲ್ಲಿ ಬಂದಿದ್ದರಿಂದ ಅವರೂ ನಂಬಿ ಒತ್ತಿದರು.

ಹೀಗೆ ತಾನಾಗಿ ಹರಡುವ ಪ್ರೋಗ್ರಾಂಗೆ 'ವರ್ಮ್', ಅಂದರೆ ಹುಳು ಅಂತಲೂ ಹೆಸರುಂಟು. ಇದನ್ನು ಬರೆದವನು ಓನೆಲ್ ಡಿ ಗುಜ್ಮಾನ್ ಎಂಬ ಯುವಕ. ಆಗ ಆ ದೇಶದಲ್ಲಿ ಇಂಥ ತಪ್ಪಿಗೆ ಕಾನೂನೇ ಇರಲಿಲ್ಲ. ಹಾಗಾಗಿ ಶಿಕ್ಷೆಯೂ ಆಗಲಿಲ್ಲ.

ಈಗ ಹೇಳಿ, ವೈರಸ್ಸಿಗೆ ಬಾಗಿಲು ತೆಗೆದವರು ಯಾರು? ಒತ್ತಿದ ಬೆರಳೇ ಅಲ್ಲವೇ!

ನೆನಪಿಡಿ:

* ವಿಂಡೋಸ್ ಈಗಲೂ ಹೆಸರಿನ ಕೊನೆಯ ತುಂಡನ್ನು ಮರೆಮಾಡಿಯೇ ಬರುತ್ತದೆ. 'ವ್ಯೂ' ಮೆನುವಿನಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಎಂಬಲ್ಲಿ ಗುರುತು ಹಾಕಿ, ಪೂರ್ತಿ ಹೆಸರು ಕಾಣುತ್ತದೆ.
* ಗುರುತಿನವರೇ ಕಳಿಸಿದ್ದರೂ, ಕೇಳದೇ ಬಂದ ಫೈಲನ್ನು ಅವರನ್ನು ವಿಚಾರಿಸಿಯೇ ತೆರೆಯಿರಿ.
* ಬೇಕಾದ ಫೈಲುಗಳ ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ ಬೇರೆ ತೆಗೆದಿಡಿ.

ಉತ್ತರಿಸಿ ನೋಡೋಣ: 'ಫೋಟೋ.ಜೆಪಿಜಿ.ವಿಬಿಎಸ್' ಎಂಬ ಫೈಲು ಚಿತ್ರವೋ, ಪ್ರೋಗ್ರಾಮೋ? ಕಾರಣ ಸಹಿತ ಹೇಳಿ.